ಗಾಳಿ ಹೊರುವ ಮೀನು

ನೀರಿನಿಂದ ಹೊರತೆಗೆದ ಮೀನಿನಂತೆ ಚಡಪಡಿಸಿದನು ಎಂಬ ಮಾತು ಕನ್ನಡದಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿದೆ. ಮೀನಿಗೆ ನೀರೇ ಮನೆ, ನೀರೇ ಉಸಿರು. ನೀರನ್ನಗಲಿದ ಮೀನಿಗೆ ಬಾಳಿಲ್ಲ ಎಂಬ ಅನುಭವ ಆ ಮಾತಿನ ಹಿಂದಿದೆ. ಬಹುಪಾಲು ಮೀನುಗಳ ವಿಷಯದಲ್ಲಿ ಇದು ಸತ್ಯವೇ ಸರಿ. ಆದರೆ ಪ್ರಕೃತಿಯ ನಿಯಮಗಳಿಗೆ ಅಪವಾದಗಳೂ ಉಂಟು. ನೀರನ್ನು ಬಿಟ್ಟು ದಡಕ್ಕೆ ಬರುವ, ಕೆಸರಿನ ಮೇಲೆ ನಡೆದಾಡುವ, ಕೆಸರನ್ನೇ ಅಗೆದು ಮನೆ ಮಾಡಿಕೊಳ್ಳುವ, ಆ ಮನೆಗೆ ಹೊರಗಿನಿಂದ ಗಾಳಿಯನ್ನು ಹೊತ್ತು ತರುವ ಮೀನುಗಳೂ ಈ ಲೋಕದಲ್ಲಿವೆ. ಬಿಲವನ್ನು ತೋಡುವುದು ಅಷ್ಟೇನೂ ಕಷ್ಟವಲ್ಲ. ತೋಡಿದ ಬಿಲದೊಳಗೆ ಉಸಿರನ್ನು ಉಳಿಸಿಕೊಳ್ಳುವುದೇ ಕಷ್ಟ. ಈ ಚಿಕ್ಕ ಮೀನು ಆ ಕಷ್ಟವನ್ನು ಹೇಗೆ ಗೆದ್ದಿದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ನಮ್ಮ ಒಳನಾಡಿನ ಮಾತನ್ನೇ ತೆಗೆದುಕೊಳ್ಳಬಹುದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಮಳೆಯ ನೀರನ್ನು ಕೆರೆಗಳಲ್ಲಿ ಕಟ್ಟಿ ನಿಲ್ಲಿಸಿ ಬದುಕನ್ನು ಸಾಗಿಸಿದರು. ಬಂಗಾರಪೇಟೆಯ ಸುತ್ತಲಿನ ಕೆರೆಗಳು ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ತಳ ಕಾಣುವುದು ಆ ಭಾಗದವರು ತಲೆತಲಾಂತರದಿಂದ ಕಂಡ ಸಂಗತಿ. ಇಂಥ ಕೆರೆಗಳಲ್ಲಿ ಕೊರಮೀನು ಎಂಬ ಮೀನು ವಾಸಿಸುತ್ತದೆ. ಇದು ಆಗಾಗ ಮೇಲಕ್ಕೆ ಬಂದು ಬಾಯಿಯಿಂದ ಗಾಳಿಯನ್ನು ಸೆಳೆದುಕೊಂಡು ಮತ್ತೆ ಮುಳುಗುತ್ತದೆ. ಇದರ ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯಿಂದ ಉಸಿರಾಡುವುದಕ್ಕೆಂದೇ ಒಂದು ಕೋಣೆಯಿದೆ. ಬೆಳೆದ ಕೊರಮೀನನ್ನು ಮೇಲಕ್ಕೆ ಬಾರದಂತೆ ತಡೆದರೆ ಅದು ನೀರಿನಲ್ಲಿದ್ದೂ ಉಸಿರುಗಟ್ಟಿ ಸಾಯುತ್ತದೆ. ಕೆರೆ ಬತ್ತತೊಡಗಿದಾಗ ಅದು ಕೆಸರಿನಲ್ಲಿ ಹುದುಗಿಕೊಂಡು, ಮೈಯ ತೇವ ಆರದಿರುವಷ್ಟು ಕಾಲ ಜೀವವನ್ನು ಹಿಡಿದುಕೊಂಡಿರಬಲ್ಲದು. ಮೀನು ಗಾಳಿಯನ್ನು ನಂಬಿ ಬಾಳುವುದುಂಟು ಎಂಬುದಕ್ಕೆ ಒಳನಾಡಿನಲ್ಲಿಯೇ ಇರುವ ಸಾಕ್ಷಿ ಇದು.

ಈ ದಾರಿಯಲ್ಲಿ ಕೊರಮೀನಿಗಿಂತ ಬಹಳ ಮುಂದೆ ಹೋದ ಮೀನೊಂದನ್ನು ಕಾಣಬೇಕಾದರೆ ನಾವು ಕರಾವಳಿಗೆ ಹೋಗಬೇಕು. ಕರ್ನಾಟಕದ ಕಡಲತೀರ 300 ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಘಟ್ಟವಿಳಿದು ಇಲ್ಲಿ ಕಡಲನ್ನು ಸೇರುತ್ತವೆ. ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ತಾಣಕ್ಕೆ ಅಳಿವೆ ಎಂದು ಹೆಸರು. ನದಿಯು ತಂದ ನವುರಾದ ಮಣ್ಣು ಇಲ್ಲಿ ನಿಧಾನವಾಗಿ ತಳಕ್ಕಿಳಿದು ವಿಶಾಲವಾದ ಕೆಸರಿನ ಬಯಲುಗಳು ಉಂಟಾಗುತ್ತವೆ. ಅವುಗಳ ಅಂಚಿನಲ್ಲಿ ಕಾಂಡ್ಲಾ ಗಿಡಗಳು ತಮ್ಮ ಬೇರುಗಳನ್ನು ಚಾಚಿಕೊಂಡು ನಿಂತಿರುತ್ತವೆ. ದಿನಕ್ಕೆ ಎರಡು ಸಲ ಕಡಲು ಉಬ್ಬಿ ಈ ಬಯಲನ್ನು ಮುಳುಗಿಸುತ್ತದೆ. ಎರಡು ಸಲ ಇಳಿದು ಅದನ್ನು ಬಿಸಿಲಿಗೆ ಒಡ್ಡುತ್ತದೆ. ಕೆಲವು ಗಂಟೆ ನೀರು, ಕೆಲವು ಗಂಟೆ ನೆಲವಾಗಿರುವ ಈ ಎಡೆಯಲ್ಲಿ ಬಾಳುವ ಜೀವಿಗೆ ಎರಡು ಲೋಕಗಳ ವಿದ್ಯೆಯೂ ತಿಳಿದಿರಬೇಕು.

ಇಳಿತದ ಸಮಯದಲ್ಲಿ ಇಂಥ ಬಯಲಿನ ಅಂಚಿನಲ್ಲಿ ಸದ್ದಿಲ್ಲದೆ ನಿಂತರೆ, ಕೆಸರಿನ ಬಣ್ಣದ ಪುಟ್ಟ ಪ್ರಾಣಿಗಳು ಅಲ್ಲಲ್ಲಿ ಕುಪ್ಪಳಿಸುವುದು ಕಾಣುತ್ತದೆ. ಮೊದಲ ನೋಟಕ್ಕೆ ಇವು ಕಪ್ಪೆಮರಿಗಳೋ ಹಲ್ಲಿಗಳೋ ಎನ್ನಿಸಬಹುದು. ಬಾಲ ಮತ್ತು ಈಜುರೆಕ್ಕೆಗಳನ್ನು ಕಂಡ ಮೇಲೆಯೇ ಇವು ಮೀನುಗಳೆಂಬುದು ಖಚಿತವಾಗುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ ಮಡ್‌ಸ್ಕಿಪ್ಪರ್, ಎಂದರೆ ಕೆಸರಿನಲ್ಲಿ ಕುಪ್ಪಳಿಸುವವು ಎಂದು ಹೆಸರು. ಈ ಪಾಠದಲ್ಲಿ ನಾವು ಇವನ್ನು ಕೆಸರುಮೀನು ಎಂದೇ ಕರೆಯೋಣ. ಆಫ್ರಿಕದ ಪಶ್ಚಿಮ ತೀರದಿಂದ ಹಿಡಿದು ಭಾರತ, ಮಲೇಷಿಯ, ಜಪಾನ್, ಆಸ್ಟ್ರೇಲಿಯಗಳವರೆಗೆ ಬೆಚ್ಚಗಿನ ಕಡಲತೀರಗಳಲ್ಲಿ ಇವುಗಳ ಹಲವು ಜಾತಿಗಳಿವೆ. ಭಾರತದ ಪಶ್ಚಿಮ ತೀರದಲ್ಲಿ ಕಾಣುವ ಒಂದು ಗುಂಪಿಗೆ ವಿಜ್ಞಾನಿಗಳು ಬೋಲಿಯೋಫ್ತಾಲ್ಮಸ್ ಎಂದು ಹೆಸರಿಟ್ಟಿದ್ದಾರೆ. ಇದು ತಲೆಯನ್ನು ಅತ್ತಿತ್ತ ಆಡಿಸುತ್ತ ಕೆಸರಿನ ಮೇಲ್ಪದರದಲ್ಲಿರುವ ಸೂಕ್ಷ್ಮ ಪಾಚಿಯನ್ನು ಕೆರೆದು ತಿನ್ನುತ್ತದೆ. ಪೆರಿಯೋಫ್ತಾಲ್ಮಸ್ ಎಂಬ ಇನ್ನೊಂದು ಗುಂಪಿನ ಮೀನುಗಳು ಪುಟ್ಟ ಏಡಿ, ಹುಳು, ಕೀಟಗಳನ್ನು ಹಿಡಿದು ತಿನ್ನುತ್ತವೆ.

ಕೆಸರುಮೀನಿನ ದೇಹರಚನೆ ಅದರ ಬದುಕಿಗೆ ಒಪ್ಪುವಂತಿದೆ. ಎದೆಯ ಎರಡು ಈಜುರೆಕ್ಕೆಗಳು ಬಲವಾಗಿ ಬೆಳೆದು ತೋಳುಗಳಂತಾಗಿವೆ. ಕಾಲಿಲ್ಲದವನು ಊರುಗೋಲುಗಳ ಮೇಲೆ ಮೈಯ ಭಾರವನ್ನು ಹಾಕಿ ಮುಂದೆ ಸಾಗುವ ಹಾಗೆ ಇದು ಆ ರೆಕ್ಕೆಗಳನ್ನೂರಿ ಮೈಯನ್ನು ಮುಂದಕ್ಕೆಳೆಯುತ್ತದೆ. ಮೀನಿನ ಹೆಜ್ಜೆಯನ್ನು ಕಂಡವರಾರು ಎಂದು ಹಿರಿಯರು ಕೇಳುವುದುಂಟು. ಈ ಮೀನು ನಡೆದ ದಾರಿಯಲ್ಲಾದರೋ ಕೆಸರಿನ ಮೇಲೆ ಗುರುತು ಮೂಡುತ್ತದೆ. ಅಪಾಯ ಎದುರಾದರೆ ಬಾಲವನ್ನು ಚಿಮ್ಮಿ ಒಮ್ಮೆಲೇ ನೆಗೆಯುತ್ತದೆ. ಕಣ್ಣುಗಳು ತಲೆಯ ನೆತ್ತಿಯ ಮೇಲೆ ಎದ್ದು ನಿಂತಿರುವುದರಿಂದ ಸುತ್ತಲಿನದನ್ನು ನೋಡಲು ಅನುಕೂಲ. ಅವು ಒಣಗಿದಂತಾದಾಗ ಮೀನು ಅವನ್ನು ಕೆಳಗಿನ ಗುಳಿಗಳೊಳಗೆ ಸೆಳೆದುಕೊಂಡು ತೇವಗೊಳಿಸುತ್ತದೆ. ಗಾಳಿಯಲ್ಲಿರುವಾಗ ಅದು ತೇವವಾದ ಚರ್ಮದ ಮೂಲಕವೂ ಬಾಯಿ ಗಂಟಲುಗಳ ಒಳಪೊರೆಯ ಮೂಲಕವೂ ಉಸಿರಾಡುತ್ತದೆ. ಚರ್ಮ ಒಣಗಿದರೆ ಉಸಿರಾಟ ಕುಂದುತ್ತದೆ. ಆದುದರಿಂದ ಅದು ನಡುನಡುವೆ ಕೆಸರಿನಲ್ಲಿ ಹೊರಳಿ ಮೈಯನ್ನು ನೆನೆಸಿಕೊಳ್ಳುತ್ತದೆ.

ಇಷ್ಟೆಲ್ಲ ಸಾಮರ್ಥ್ಯವಿದ್ದರೂ ಕೆಸರುಮೀನಿಗೆ ಬಿಲವಿಲ್ಲದೆ ಬದುಕಿಲ್ಲ. ಕಡಲು ಇಳಿದಾಗ ಬಿಸಿಲು ಅದನ್ನು ಒಣಗಿಸಬರುತ್ತದೆ. ಬೆಳ್ಳಕ್ಕಿಯೂ ಹದ್ದೂ ಅದನ್ನು ಹೊಂಚುತ್ತವೆ. ಕಡಲು ಉಬ್ಬಿದಾಗ ನೀರಿನೊಡನೆ ದೊಡ್ಡ ಮೀನುಗಳು ಬಂದು ಅದನ್ನು ಅಟ್ಟುತ್ತವೆ. ಎರಡು ಲೋಕಗಳಲ್ಲಿ ಓಡಾಡುವ ಪ್ರಾಣಿಗೆ ಎರಡು ಲೋಕಗಳಲ್ಲಿಯೂ ಶತ್ರುಗಳು. ಅದಕ್ಕೆ ಉಳಿದಿರುವ ಆಸರೆ ತನ್ನ ಕಾಲಕೆಳಗಿನ ಕೆಸರೊಂದೇ.

ಬಿಲವನ್ನು ಅಗೆಯಲು ಅದಕ್ಕೆ ಉಗುರುಗಳಿಲ್ಲ, ಕೊಕ್ಕಿಲ್ಲ; ಬಾಯಿಯೇ ಅದರ ಗುದ್ದಲಿ, ಬಾಯಿಯೇ ಅದರ ಮಂಕರಿ. ತಲೆಯನ್ನು ಕೆಸರಿಗೆ ಚುಚ್ಚಿ ಬಾಯಿ ತುಂಬ ಮಣ್ಣನ್ನು ಕಚ್ಚಿಕೊಂಡು ಹೊರಬರುತ್ತದೆ. ಬಿಲದ ಬಾಯಿಯ ಬಳಿ ಅದನ್ನು ಉಗುಳುತ್ತದೆ. ಮತ್ತೆ ಒಳಗೆ ಹೋಗುತ್ತದೆ. ಹೀಗೆ ಉಗುಳಿದ ಮಣ್ಣಿನ ಉಂಡೆಗಳು ಬಿಲದ ಸುತ್ತ ರಾಶಿಯಾಗಿ ಬೀಳುತ್ತವೆ. ಕೆಲವು ಜಾತಿಗಳಲ್ಲಿ ಅವು ಪುಟ್ಟ ಗೋಪುರದಂತೆ ಎದ್ದು ನಿಲ್ಲುವುದೂ ಉಂಟು. ಬಿಲದ ಆಕಾರ ಜಾತಿಯಿಂದ ಜಾತಿಗೆ ಬೇರೆ. ಕೆಲವು ನೇರವಾಗಿ ಕೆಳಗಿಳಿದು ತುದಿಯಲ್ಲಿ ಕೊಕ್ಕೆಯಂತೆ ಮೇಲಕ್ಕೆ ಬಾಗಿರುತ್ತವೆ. ಕೆಲವಕ್ಕೆ ಎರಡು ಬಾಯಿಗಳಿದ್ದು ಒಳಗೆ ಒಂದೇ ಸುರಂಗವಾಗಿ ಕೂಡಿಕೊಳ್ಳುತ್ತವೆ. ಒಂದು ಗೇಣಿಗಿಂತ ಚಿಕ್ಕದಾದ ಮೀನು ತನ್ನ ಮೈಯ ಉದ್ದಕ್ಕಿಂತ ಹಲವು ಪಟ್ಟು ಆಳದ ಮನೆಯನ್ನು ಬಾಯಿಯೊಂದರಿಂದಲೇ ತೋಡಿಕೊಳ್ಳುತ್ತದೆ.

ಈ ದೃಶ್ಯವನ್ನು ಕಂಡ ಕೋಲಾರದ ಕಡೆಯವರಿಗೆ ಕೋಲಾರ ಚಿನ್ನದ ಗಣಿ ಪ್ರದೇಶ, ಎಂದರೆ ಕೆ.ಜಿ.ಎಫ್. ನೆನಪಾಗದಿರದು. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ರೈಲಿನ ಕಿಟಕಿಯಿಂದ ನೋಡಿದರೆ ಮರಗಳಿಲ್ಲದ ಬೂದು ಬಣ್ಣದ ಗುಡ್ಡಗಳು ಕಾಣುತ್ತವೆ. ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಅವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ. ಭೂಮಿಯ ಆಳದಿಂದ ತಂದ ಕಲ್ಲನ್ನು ಪುಡಿ ಮಾಡಿ, ಸೈನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿ, ಉಳಿದುದನ್ನು ಸುರಿದ ರಾಶಿಗಳು ಅವು. ಬಿಲ ತೋಡಿದವರೆಲ್ಲರೂ ತೋಡಿದ ಮಣ್ಣನ್ನು ಬಿಲದ ಬಾಯಿಯಲ್ಲಿ ಸುರಿಯಲೇಬೇಕು. ವ್ಯತ್ಯಾಸವಿಷ್ಟೆ: ಮೀನಿನ ಮಣ್ಣುಂಡೆಗಳನ್ನು ಉಬ್ಬರದ ನೀರು ತೊಳೆದು ಕೆಸರಿಗೇ ಮರಳಿಸುತ್ತದೆ, ಮನುಷ್ಯನ ಗುಡ್ಡಗಳು ಉಳಿದುಕೊಂಡು ಗಾಳಿ ಬೀಸಿದಾಗ ಊರಿನ ಮೇಲೆ ಧೂಳನ್ನು ಎರಚುತ್ತವೆ.

ಆದರೆ ಗಣಿಗೂ ಮೀನಿನ ಬಿಲಕ್ಕೂ ಇರುವ ನಿಜವಾದ ಹೋಲಿಕೆ ಒಳಗಿದೆ. ಈ ಪ್ರದೇಶದಲ್ಲಿ 1880ರಲ್ಲಿ ಆಧುನಿಕ ರೀತಿಯ ಗಣಿಗಾರಿಕೆ ಆರಂಭವಾಯಿತು. ಚಾಂಪಿಯನ್ ರೀಫ್ ಗಣಿಯು ಕ್ರಮೇಣ ಭೂಮಟ್ಟದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಒಂದೆಂದು ಹೆಸರಾಯಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿತ್ತು. ಅಲ್ಲಿ ಗಾಳಿ ತಾನಾಗಿ ಆಡುವುದಿಲ್ಲ. ಹೊಸ ಗಾಳಿಯನ್ನು ಒಂದು ಶಾಫ್ಟಿನಿಂದ ಇಳಿಸಿ, ಬಳಸಿದ ಬಿಸಿಗಾಳಿಯನ್ನು ಇನ್ನೊಂದರಿಂದ ದೊಡ್ಡ ಫ್ಯಾನುಗಳ ಮೂಲಕ ಹೊರಗೆಳೆಯಬೇಕು. ಜಿನುಗುವ ನೀರನ್ನು ಪಂಪುಗಳಿಂದ ಮೇಲೆತ್ತುತ್ತಲೇ ಇರಬೇಕು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರಕ್ಕೆ ತಂತಿಗಳನ್ನೆಳೆದು ವಿದ್ಯುಚ್ಛಕ್ತಿಯನ್ನು ತಂದುದು ಈ ಗಣಿಗಳ ಯಂತ್ರಗಳಿಗಾಗಿಯೇ. ಹಾಗಿದ್ದರೂ ಕಲ್ಲಿನ ಪುಡಿ ಬೆರೆತ ಗಾಳಿಯನ್ನು ವರ್ಷಗಟ್ಟಲೆ ಸೇವಿಸಿದ ಅನೇಕ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದರು. ನೆಲದೊಳಗೆ ಇಳಿದವನಿಗೆ ಚಿನ್ನಕ್ಕಿಂತ ಗಾಳಿಯೇ ಅಮೂಲ್ಯವೆಂಬುದನ್ನು ಆ ಊರಿನ ಮನೆಗಳು ಅನುಭವದಿಂದ ಬಲ್ಲವು.

ಕೆಸರುಮೀನಿನ ತೊಡಕೂ ಇದೇ. ಅಳಿವೆಯ ಕೆಸರನ್ನು ಸ್ವಲ್ಪ ಕೆದಕಿದರೆ ಒಳಗೆ ಕಪ್ಪು ಬಣ್ಣವೂ ಕೊಳೆತ ಮೊಟ್ಟೆಯಂಥ ವಾಸನೆಯೂ ಎದುರಾಗುತ್ತವೆ. ಅಲ್ಲಿ ಆಮ್ಲಜನಕ ಇಲ್ಲವೆಂಬುದಕ್ಕೆ ಇವೇ ಕುರುಹು. ಎಲೆ ಕಸಕಡ್ಡಿಗಳನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ಮುಗಿಸಿಬಿಟ್ಟಿರುತ್ತವೆ. ಬಿಲದೊಳಗೆ ನಿಂತ ನೀರಿನಲ್ಲಿಯೂ ಆಮ್ಲಜನಕ ಬಹಳ ಕಡಿಮೆ. ಸಾಮಾನ್ಯ ನೀರಿನ ಸ್ಥಿತಿಯೂ ಅಷ್ಟೇನೂ ಉದಾರವಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದ್ದರೆ, ಒಂದು ಲೀಟರ್ ಒಳ್ಳೆಯ ನೀರಿನಲ್ಲಿ ಕರಗಿರುವುದು 5ರಿಂದ 7 ಮಿಲಿಲೀಟರ್ ಮಾತ್ರ. ದೊಡ್ಡ ಮೀನಾದರೆ ಬಿಲದ ಬಾಯಿಗೆ ಬಂದು ಉಸಿರು ಸೆಳೆದುಕೊಳ್ಳಬಹುದು. ಬಿಲದ ಆಳದಲ್ಲಿಟ್ಟ ಮೊಟ್ಟೆಗಳ ಗತಿಯೇನು? ಅವಕ್ಕೆ ಓಡಾಡಲು ಬಾರದು. ಆದರೂ ಉಸಿರು ಬೇಕು.

ಈ ಪ್ರಶ್ನೆಗೆ ಉತ್ತರ ದೊರೆತುದು ಇತ್ತೀಚೆಗೆ. ಜಪಾನಿನ ನಾಗಸಾಕಿ ವಿಶ್ವವಿದ್ಯಾಲಯದ ಅತ್ಸುಶಿ ಇಶಿಮಾತ್ಸು ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಮಲೇಷಿಯದ ಪೆನಾಂಗ್ ತೀರದ ಕೆಸರುಮೀನುಗಳನ್ನು ಪರೀಕ್ಷಿಸಿ, ಅವು ತಮ್ಮ ಬಿಲಗಳಲ್ಲಿ ಗಾಳಿಯನ್ನು ಶೇಖರಿಸಿಡುತ್ತವೆಂದು 1998ರಲ್ಲಿ ಪ್ರಕಟಿಸಿದರು. ಮೀನು ಬಿಲದ ಬಾಯಿಗೆ ಬಂದು ಬಾಯಿ ಉಬ್ಬುವಂತೆ ಗಾಳಿಯನ್ನು ತುಂಬಿಕೊಳ್ಳುತ್ತದೆ. ನೀರು ತುಂಬಿದ ಸುರಂಗದಲ್ಲಿ ಕೆಳಗಿಳಿದು, ಒಳಗಿನ ಕೋಣೆಯಲ್ಲಿ ಅದನ್ನು ಬಿಟ್ಟುಬರುತ್ತದೆ. ಈ ಕೋಣೆ ಮೇಲ್ಮುಖವಾಗಿ ಉಬ್ಬಿರುವುದರಿಂದ ಗಾಳಿ ಅಲ್ಲಿಯೇ ನಿಲ್ಲುತ್ತದೆ. ಒಂದು ಲೋಟವನ್ನು ಬೋರಲು ಹಿಡಿದು ಬಕೆಟ್ಟಿನ ನೀರಿನೊಳಗೆ ನೇರವಾಗಿ ಅದುಮಿ ನೋಡಿದರೆ ಈ ಮರ್ಮ ನಿಮಗೆ ತಿಳಿಯುತ್ತದೆ. ಲೋಟದೊಳಗಿನ ಗಾಳಿ ಹೊರಗೆ ಹೋಗಲಾರದೆ ನೀರನ್ನು ತಡೆದು ನಿಲ್ಲಿಸುತ್ತದೆ. ಕೆಸರುಮೀನಿನ ಕೋಣೆ ಅಂಥದೊಂದು ಬೋರಲು ಲೋಟ.

ಜಪಾನಿನ ತೀರದಲ್ಲಿರುವ ಪೆರಿಯೋಫ್ತಾಲ್ಮಸ್ ಜಾತಿಯೊಂದರ ಸಂತಾನಪಾಲನೆಯನ್ನು ಅದೇ ವಿಜ್ಞಾನಿಗಳ ತಂಡ 2007ರಲ್ಲಿ ವಿವರವಾಗಿ ತಿಳಿಸಿತು. ಹೆಣ್ಣು ಮೊಟ್ಟೆಗಳನ್ನು ಕೋಣೆಯ ಚಾವಣಿಗೆ ಒಂದೇ ಪದರವಾಗಿ ಅಂಟಿಸಿಡುತ್ತದೆ. ಅಲ್ಲಿಂದ ಮುಂದಿನ ಹೊಣೆಯೆಲ್ಲ ಗಂಡಿನದು. ಇಳಿತದ ಹೊತ್ತಿನಲ್ಲಿ ಅದು ಮೇಲಕ್ಕೂ ಕೆಳಕ್ಕೂ ಓಡಾಡುತ್ತ ಬಾಯಿ ಬಾಯಿ ಗಾಳಿಯನ್ನು ಕೋಣೆಗೆ ಹೊತ್ತು ಹಾಕುತ್ತದೆ. ಮೊಟ್ಟೆಗಳು ಬೆಳೆಯುವುದು ನೀರಿನಲ್ಲಲ್ಲ, ಈ ಗಾಳಿಯಲ್ಲಿ. ಉಬ್ಬರ ಬಂದು ಬಯಲೆಲ್ಲ ಮುಳುಗಿರುವಾಗಲೂ ಕೆಸರಿನ ಆಳದಲ್ಲಿ ಆ ಒಂದು ಹಿಡಿ ಗಾಳಿ ಮೊಟ್ಟೆಗಳ ಸುತ್ತ ಉಳಿದಿರುತ್ತದೆ.

ಇದಕ್ಕಿಂತಲೂ ಸೋಜಿಗದ ಸಂಗತಿ ಮುಂದಿದೆ. ಮೊಟ್ಟೆ ಗಾಳಿಯಲ್ಲಿ ಬೆಳೆದರೂ ಮರಿ ಬಾಳಬೇಕಾದುದು ನೀರಿನಲ್ಲಿ. ನೀರು ಸೋಕದ ಹೊರತು ಮೊಟ್ಟೆಗಳು ಒಡೆಯುವುದಿಲ್ಲ. ಮರಿಗಳು ಪೂರ್ತಿಯಾಗಿ ಬೆಳೆದ ಮೇಲೆ, ರಾತ್ರಿಯ ವೇಳೆ ಉಬ್ಬರ ಏರುತ್ತಿರುವಾಗ, ಅದೇ ಗಂಡುಮೀನು ತಾನು ಹೊತ್ತು ತಂದು ಕೂಡಿಸಿದ ಗಾಳಿಯನ್ನೇ ಬಾಯಿ ಬಾಯಿ ಹೊರಕ್ಕೆ ಸಾಗಿಸತೊಡಗುತ್ತದೆ. ಗಾಳಿ ಬರಿದಾದಂತೆ ನೀರು ಕೋಣೆಗೆ ನುಗ್ಗಿ ಮೊಟ್ಟೆಗಳನ್ನು ಮುಳುಗಿಸುತ್ತದೆ. ಮೊಟ್ಟೆಗಳು ಒಡೆದು ಮರಿಗಳು ನೀರನ್ನು ಸೇರುತ್ತವೆ. ತರುವುದಷ್ಟೇ ಪಾಲನೆಯಲ್ಲ, ತಕ್ಕ ಕಾಲದಲ್ಲಿ ತೆಗೆಯುವುದೂ ಪಾಲನೆಯೇ. ಆ ಕಾಲವನ್ನು ಮೀನು ಹೇಗೆ ಗೊತ್ತುಮಾಡಿಕೊಂಡರೂ, ಅದರ ಮೇಲೆಯೇ ಮುಂದಿನ ಪೀಳಿಗೆಯ ಅಳಿವು ಉಳಿವು ನಿಂತಿದೆ.

ಕೋಲಾರದ ಗಣಿಗಳ ಕೆಲಸ 2001ರ ಫೆಬ್ರವರಿ 28ರಂದು ನಿಂತುಹೋಯಿತು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ತೆಗೆದ ಚಿನ್ನ ಸುಮಾರು 800 ಟನ್. ಪಂಪುಗಳು ನಿಂತ ಮೇಲೆ ನೆಲದೊಳಗಿನ ನೀರು ಸುರಂಗಗಳಲ್ಲಿ ತುಂಬಿಕೊಂಡಿತು. ಗಣಿಯ ಕಥೆಯನ್ನು ಹೇಳುವಾಗ ನಾವು ಚಿನ್ನದ ತೂಕವನ್ನೂ ಆಳದ ಅಳತೆಯನ್ನೂ ಹೇಳುತ್ತೇವೆ. ಮೇಲೆ ನಿಂತು ಹಗಲಿರುಳು ಫ್ಯಾನು ಪಂಪುಗಳನ್ನು ನೋಡಿಕೊಂಡವರನ್ನು ಹೆಸರಿಸುವುದು ಅಪರೂಪ. ಅವರು ಒಂದು ಪಾಳಿ ಕೈಬಿಟ್ಟಿದ್ದರೆ ಕೆಳಗಿದ್ದವರ ಜೀವ ಉಳಿಯುತ್ತಿರಲಿಲ್ಲ. ಬಿಲವು ಮನೆಯಾಗಿ ಉಳಿಯುವುದು, ಯಾರಾದರೊಬ್ಬರು ಅದಕ್ಕೆ ಬಿಡದೆ ಉಸಿರನ್ನು ಒದಗಿಸುತ್ತಿರುವವರೆಗೆ ಮಾತ್ರ. ಮೀನಿಗೂ ಮನುಷ್ಯನಿಗೂ ಈ ನಿಯಮ ಒಂದೇ.

ಈ ಬಿಲಗಳಿಂದ ಕೆಸರಿನ ಬಯಲಿಗೂ ಉಪಕಾರವುಂಟು. ಮೀನುಗಳೂ ಏಡಿಗಳೂ ತೋಡಿದ ರಂಧ್ರಗಳ ಮೂಲಕ ಗಾಳಿ ನೀರುಗಳು ಕೆಸರಿನ ಒಳಪದರಗಳನ್ನು ತಲುಪುತ್ತವೆ; ಮೇಲಿನ ಮಣ್ಣು ಕೆಳಗಿನದರೊಡನೆ ಬೆರೆಯುತ್ತದೆ. ಆದರೆ ಮನುಷ್ಯನ ಕಣ್ಣಿಗೆ ಕೆಸರಿನ ಬಯಲು ಬಹುಕಾಲ ಪಾಳುನೆಲವಾಗಿಯೇ ಕಂಡಿದೆ. ಜಪಾನಿನ ಇಸಹಾಯ ಕೊಲ್ಲಿಯಲ್ಲಿ ಕೃಷಿಭೂಮಿಗಾಗಿ 1997ರ ಏಪ್ರಿಲಿನಲ್ಲಿ ಉಕ್ಕಿನ ಹಲಗೆಗಳನ್ನು ಇಳಿಸಿ ಕಡಲನ್ನು ತಡೆದರು. ಉಬ್ಬರ ಬರುವುದು ನಿಂತು ವಿಶಾಲವಾದ ಕೆಸರಿನ ಬಯಲು ಒಣಗಿ ಬಿರುಕುಬಿಟ್ಟಿತು. ಆ ತೀರಕ್ಕೆ ಹೆಸರು ತಂದಿದ್ದ ಕೆಸರುಮೀನುಗಳ ನೆಲೆ ಅಲ್ಲಿ ನಾಶವಾಯಿತು. ಬಿಲ ಎಷ್ಟು ಗಟ್ಟಿಯಾಗಿದ್ದರೇನು, ಸುತ್ತಲಿನ ಕೆಸರೇ ಸತ್ತ ಮೇಲೆ ಗಾಳಿ ಹೊತ್ತು ಫಲವಿಲ್ಲ.

ನಮ್ಮ ನಾಡಿನಲ್ಲಿ ಕುಮಟೆಯ ಬಳಿಯ ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್‌ಸಾರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ತ್ವವುಳ್ಳ ಜೌಗುಪ್ರದೇಶವೆಂದು ಗುರುತಿಸಲಾಯಿತು. ಅಲ್ಲಿನ ಜನ ತಲೆಮಾರುಗಳಿಂದ ಆ ಕೆಸರಿನಲ್ಲಿ ಬಳಚನ್ನು ಆಯ್ದು, ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆದು ಬಾಳಿದ್ದಾರೆ. ಕೆಸರು ಪಾಳುನೆಲವಲ್ಲವೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಳನಾಡಿನವರಾದ ನಾವೂ ಇದನ್ನು ಕಲಿತರೆ ಒಳ್ಳೆಯದು. ಬತ್ತಿದ ಕೆರೆಯಂಗಳವನ್ನು ಕಂಡಾಗ, ಇಳಿತದಲ್ಲಿ ಬಯಲಾದ ಅಳಿವೆಯನ್ನು ಕಂಡಾಗ, ಇಲ್ಲಿ ಏನೂ ಇಲ್ಲ ಎಂದು ಹೇಳುವ ಮೊದಲು ಸ್ವಲ್ಪ ಹೊತ್ತು ನಿಂತು ನೋಡಬೇಕು. ನಮ್ಮ ಕಾಲಕೆಳಗಿನ ಕತ್ತಲೆಯಲ್ಲಿ ಯಾವುದೋ ಒಂದು ಪುಟ್ಟ ಜೀವ ತನ್ನ ಮಕ್ಕಳಿಗಾಗಿ ಬಾಯಿ ತುಂಬ ಗಾಳಿಯನ್ನು ಹೊತ್ತು ಇಳಿಯುತ್ತಿರಬಹುದು.